ಕಥೆಗೂ ಒಂದು ಅಂಕಿತ ಬೇಕು

ವಚನಸಾಹಿತ್ಯವನ್ನು ಪಾಠ ಹೇಳುವ ನಮ್ಮಂಥವರು ಮೊದಲ ದಿನವೇ ವಿದ್ಯಾರ್ಥಿಗಳಿಗೆ ತಿಳಿಸಿಕೊಡುವ ಸಂಗತಿಯೆಂದರೆ ಅಂಕಿತ. ಕೂಡಲಸಂಗಮದೇವ ಎಂದಿದ್ದರೆ ಅದು ಬಸವಣ್ಣನವರ ವಚನ. ಗುಹೇಶ್ವರ ಎಂದಿದ್ದರೆ ಅಲ್ಲಮಪ್ರಭುಗಳದು. ಚೆನ್ನಮಲ್ಲಿಕಾರ್ಜುನ ಎಂದಿದ್ದರೆ ಅಕ್ಕಮಹಾದೇವಿಯವರದು. ಅಂಬಿಗರ ಚೌಡಯ್ಯನವರಂತೂ ತಮ್ಮ ಹೆಸರನ್ನೇ ಅಂಕಿತವಾಗಿಸಿಕೊಂಡರು. ಅಂಕಿತವು ಇಷ್ಟದೈವಕ್ಕೆ ಸಲ್ಲುವ ನಿವೇದನೆಯೆಂಬುದು ನಿಜ. ಅದರ ಜೊತೆಗೆ, ಆ ಮಾತು ಯಾರ ಬಾಳಿನಿಂದ ಹೊರಟಿತೆಂಬುದಕ್ಕೂ ಅದೇ ಸಾಕ್ಷಿ. ದೋಣಿ ನಡೆಸಿದವರು, ಹಗ್ಗ ಹೊಸೆದವರು, ಚೆಲ್ಲಿದ ಅಕ್ಕಿಯನ್ನು ಆಯ್ದವರು ಆಡಿದ ಮಾತು ಎಂಟುನೂರು ವರ್ಷಗಳ ತರುವಾಯವೂ ಅವರವರ ಮಾತಾಗಿಯೇ ಉಳಿದಿದ್ದರೆ ಅದಕ್ಕೆ ಈ ಸಣ್ಣ ಗುರುತು ಕಾರಣ.

ಆದರೆ ನಮ್ಮ ಅಜ್ಜಿಯರು ಹೇಳಿದ ಕಥೆಗಳಿಗೆ ಈ ಭಾಗ್ಯ ದೊರೆಯಲಿಲ್ಲ. ಅವು ಪಠ್ಯಪುಸ್ತಕಕ್ಕೆ ಬಂದಾಗ 'ಜನಪದ ಕಥೆ' ಎಂಬ ಎರಡು ಪದಗಳಲ್ಲಿ ಹೇಳಿದವರ ಹೆಸರು, ಊರು, ನುಡಿ ಎಲ್ಲವೂ ಅಡಗಿಹೋಗುತ್ತವೆ. ಎಷ್ಟೋ ಸಂಗ್ರಹಗಳಲ್ಲಿ ಸಂಪಾದಕರ ಹೆಸರು ಮುಖಪುಟದಲ್ಲಿ ದಪ್ಪ ಅಕ್ಷರಗಳಲ್ಲಿರುತ್ತದೆ; ಹೇಳಿದವರ ಹೆಸರು ಅನುಬಂಧದಲ್ಲಾದರೂ ಇದ್ದರೆ ಅದೇ ಪುಣ್ಯ. ಇದೊಂದು ಲೋಪವೆಂದು ನನಗೆ ಬಹುಕಾಲ ತೋರಿರಲಿಲ್ಲ. ತೋರುವಂತೆ ಮಾಡಿದ್ದು ದೂರದ ಆಸ್ಟ್ರೇಲಿಯಾ ದೇಶದ ಒಂದು ಸಣ್ಣ ಪ್ರಕಾಶನ ಸಂಸ್ಥೆ. ಅಲ್ಲಿ ಉದ್ಯೋಗದಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬರು ರಜೆಯಲ್ಲಿ ಊರಿಗೆ ಬಂದಾಗ ಶಾಲೆಯ ಗ್ರಂಥಾಲಯಕ್ಕೆಂದು ಆ ಸಂಸ್ಥೆಯ ನಾಲ್ಕಾರು ಚಿತ್ರಪುಸ್ತಕಗಳನ್ನು ತಂದುಕೊಟ್ಟರು. ಅವುಗಳನ್ನು ನೋಡಿದ ಮೇಲೆ, ಆ ಸಂಸ್ಥೆ ಹುಟ್ಟಿದ ಬಗೆಯನ್ನು ತಿಳಿದ ಮೇಲೆ, ನನ್ನ ಮನಸ್ಸಿನಲ್ಲಿ ಎದ್ದ ವಿಚಾರಗಳನ್ನು ಈ ಸ್ಮರಣ ಸಂಚಿಕೆಯ ಮೂಲಕ ಅಧ್ಯಾಪಕಮಿತ್ರರ, ಹಳೆಯ ವಿದ್ಯಾರ್ಥಿಗಳ ಹಾಗೂ ದಾನಿಗಳ ಮುಂದಿರಿಸಬಯಸುತ್ತೇನೆ.

ಆಸ್ಟ್ರೇಲಿಯಾ ಖಂಡದ ವಾಯವ್ಯ ಮೂಲೆಯಲ್ಲಿ ಕಿಂಬರ್ಲಿ ಎಂಬ ಪ್ರದೇಶವಿದೆ. ವಿಸ್ತೀರ್ಣದಲ್ಲಿ ಅದು ನಮ್ಮ ಕರ್ನಾಟಕದ ಇಮ್ಮಡಿಗೂ ಮಿಗಿಲು. ಜನವಸತಿಯೋ ಬಲು ವಿರಳ. ಅದರ ಕಡಲತೀರದಲ್ಲಿ, ಹಿಂದೊಮ್ಮೆ ಮುತ್ತಿನ ಚಿಪ್ಪಿನ ವ್ಯಾಪಾರಕ್ಕೆ ಹೆಸರಾಗಿದ್ದ ಬ್ರೂಮ್ ಎಂಬ ಸಣ್ಣ ಪಟ್ಟಣ. ರಾಜ್ಯದ ರಾಜಧಾನಿಯಾದ ಪರ್ತ್ ನಗರ ಅಲ್ಲಿಂದ ರಸ್ತೆಯ ದಾರಿಯಲ್ಲಿ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅಂಥ ಕಡೆಯಲ್ಲಿ ೧೯೮೭ರಲ್ಲಿ ಮೂಲನಿವಾಸಿಗಳ ಒಂದು ಪ್ರಕಾಶನ ಸಂಸ್ಥೆ ತಲೆಯೆತ್ತಿತು. ಅದರ ಹೆಸರು 'ಮಗಬಲ'. ಕನ್ನಡದ ಕಿವಿಗೆ ಇದು ಮಗನ ಬಲವೆಂಬಂತೆ ಕೇಳಿಸಿದರೂ ಅರ್ಥ ಬೇರೆ. ಅದು ಆ ಸೀಮೆಯ ಯಾವುರು ಮೊದಲಾದ ನುಡಿಗಳಲ್ಲಿ ಒಂದು ಕಾಡುಬಳ್ಳಿಯ ಹೆಸರು. ಅದರ ಎಳೆಗಾಯಿಯನ್ನು ಅಲ್ಲಿನವರು ತಿನ್ನುತ್ತಾರೆ. ಬಲಿತ ಕಾಯಿ ಒಣಗಿ ಬಿರಿದರೆ ರೇಷ್ಮೆಯಂಥ ನಯವಾದ ಎಳೆಗಳ ರೆಕ್ಕೆ ಕಟ್ಟಿಕೊಂಡು ಬೀಜಗಳು ಗಾಳಿಯಲ್ಲಿ ತೇಲಿಹೋಗುತ್ತವೆ. ನಮ್ಮ ಎಕ್ಕದ ಗಿಡವೂ ಅದೇ ಸಸ್ಯಕುಟುಂಬಕ್ಕೆ ಸೇರಿದುದು. ಎಕ್ಕದ ಕಾಯಿ ಒಡೆದಾಗ ಹಾರುವ ಬೀಜದ ಹಿಂದೆ ಓಡದ ಮಗು ನಮ್ಮ ಹಳ್ಳಿಗಳಲ್ಲಿ ಇದ್ದೀತೆ? ಕಥೆಗಳು ಹಾಗೆ ಹರಡಲಿ ಎಂಬುದು ಆ ಹೆಸರಿಟ್ಟವರ ಆಶಯ.

ಇಂಥದೊಂದು ಸಂಸ್ಥೆ ಅವರಿಗೆ ಏಕೆ ಬೇಕಾಯಿತೆಂಬುದನ್ನು ಅರಿಯಲು ಒಬ್ಬ ಮಹನೀಯರ ವೃತ್ತಾಂತವನ್ನು ಹೇಳಲೇಬೇಕು. ದಕ್ಷಿಣ ಆಸ್ಟ್ರೇಲಿಯಾದ ನಾರಿಂಜೇರಿ ಜನಾಂಗದಲ್ಲಿ ೧೮೭೨ರಲ್ಲಿ ಜನಿಸಿದ ಡೇವಿಡ್ ಉನೈಪನ್ ಎಂಬವರು ಪ್ರವಚನಕಾರರು, ಯಂತ್ರಶಿಲ್ಪಗಳಲ್ಲಿ ಹೊಸತನ್ನು ಕಂಡುಹಿಡಿದವರು, ಲೇಖಕರು. ಅವರು ಊರೂರು ಸುತ್ತಿ ತಮ್ಮವರ ಪುರಾಣಕಥೆಗಳನ್ನು ಸಂಗ್ರಹಿಸಿ ೧೯೨೦ರ ದಶಕದಲ್ಲಿ ಗ್ರಂಥರೂಪಕ್ಕೆ ತಂದರು. ಹಸ್ತಪ್ರತಿಯನ್ನು ಪಡೆದ ಪ್ರಕಾಶಕರು ಅದರ ಹಕ್ಕನ್ನು ರ‍್ಯಾಮ್ಸೆ ಸ್ಮಿತ್ ಎಂಬ ಬಿಳಿಯ ವೈದ್ಯರಿಗೆ ಮಾರಿಬಿಟ್ಟರು. ೧೯೩೦ರಲ್ಲಿ ಲಂಡನ್ನಿನಲ್ಲಿ ಪುಸ್ತಕ ಹೊರಬಂದಾಗ ಅದರ ಮೇಲಿದ್ದುದು ಸ್ಮಿತ್ ಅವರ ಹೆಸರು. ಉನೈಪನ್ನರ ಹೆಸರು ಒಳಗೆಲ್ಲಿಯೂ ಕರ್ತೃವಾಗಿ ಕಾಣಿಸಲಿಲ್ಲ. ೧೯೬೭ರಲ್ಲಿ ಅವರು ತೀರಿಕೊಂಡರು. ೧೯೯೫ರಲ್ಲಿ ಅವರ ಮುಖ ಆ ದೇಶದ ಐವತ್ತು ಡಾಲರಿನ ನೋಟಿನ ಮೇಲೆ ಅಚ್ಚಾಯಿತು. ಅವರ ಹೆಸರು ಅವರ ಪುಸ್ತಕದ ಮೇಲೆ ಅಚ್ಚಾದದ್ದು ಮಾತ್ರ ೨೦೦೧ರಲ್ಲಿ. ನೋಟಿನ ಮೇಲೆ ಮುಖ ಬರುವುದು ಸುಲಭವಾಯಿತು. ಕಥೆಯ ಮೇಲೆ ಹೆಸರು ಬರಲು ಎಪ್ಪತ್ತೊಂದು ವರ್ಷ ಬೇಕಾಯಿತು. ಅಂಕಿತವನ್ನು ಅಳಿಸಿ ವಚನವನ್ನು ಬೇರೊಬ್ಬರ ಹೆಸರಿನಲ್ಲಿ ಮುದ್ರಿಸಿದ್ದರೆ ನಾವು ಏನೆನ್ನುತ್ತಿದ್ದೆವೋ ಅದನ್ನೇ ಅವರೂ ಎನ್ನುವುದರಲ್ಲಿ ಆಶ್ಚರ್ಯವಿಲ್ಲ.

೧೯೮೪ರಲ್ಲಿ ಕಿಂಬರ್ಲಿಯ ನ್ಗುಂಪನ್ ಎಂಬಲ್ಲಿ ಹಾಡು ಕುಣಿತಗಳ ಒಂದು ದೊಡ್ಡ ಮೇಳ ಸೇರಿತು. ಅಲ್ಲಿ ಕೂಡಿದ ನೂರಾರು ಹಿರಿಯರ ಮುಂದಿದ್ದ ಚಿಂತೆಗಳು ಎರಡು. ತಮ್ಮ ನುಡಿ ನಡೆಗಳು ಮಕ್ಕಳವರೆಗೆ ತಲುಪದೆ ಹೋಗುತ್ತಿವೆಯೆಂಬುದು ಒಂದು. ತಲುಪುವ ಕಥೆಗಳನ್ನು ಹೊರಗಿನವರು ಕೊಂಡೊಯ್ದು ತಮ್ಮದೆಂದು ಮಾರುತ್ತಿದ್ದಾರೆಂಬುದು ಇನ್ನೊಂದು. ಆ ಸಮಾಲೋಚನೆಯ ಫಲವೇ ಮೂರು ವರ್ಷಗಳ ಮೇಲೆ ಮಗಬಲ ಪ್ರಕಾಶನವಾಗಿ ರೂಪುಗೊಂಡಿತು. ೧೯೯೦ರಲ್ಲಿ ಅದು ಮೂಲನಿವಾಸಿಗಳದೇ ಆಡಳಿತವುಳ್ಳ ಸ್ವತಂತ್ರ ಸಂಸ್ಥೆಯಾಗಿ ನೋಂದಣಿಯಾಯಿತು. ಅವರಲ್ಲಿ ಕಥೆಯೆಂಬುದು ದಾರಿಯಲ್ಲಿ ಬಿದ್ದ ವಸ್ತುವಲ್ಲ. ಇಂಥ ಕಥೆ ಇಂಥ ನೆಲದ್ದು, ಅದನ್ನು ಹೇಳುವ ಅಧಿಕಾರ ಇಂಥ ಮನೆತನದ್ದು ಎಂಬ ಕಟ್ಟಳೆ ಇದೆ. ಗಂಡಸರು ಮಾತ್ರ, ಹೆಂಗಸರು ಮಾತ್ರ, ಸಂಸ್ಕಾರ ಹೊಂದಿದವರು ಮಾತ್ರ ಕೇಳಬೇಕಾದ ಕಥೆಗಳೂ ಇವೆ. ಗುರುಮುಖದಿಂದಲ್ಲದೆ ಮಂತ್ರವನ್ನು ಸ್ವೀಕರಿಸಬಾರದೆಂದು ತಿಳಿದ ನಮಗೆ ಈ ಕಟ್ಟಳೆ ವಿಚಿತ್ರವಾಗಿ ತೋರಬೇಕಾಗಿಲ್ಲ.

ಆ ಸಂಸ್ಥೆಯ ಮೊದಮೊದಲ ಪುಸ್ತಕಗಳಲ್ಲಿ 'ಮಯಿ' ಎಂಬುದೊಂದು. ೧೯೮೭ರಲ್ಲಿ ಹೊರಬಂದ ಅದು ತಮ್ಮ ಸೀಮೆಯ ಕಾಡುಹಣ್ಣುಗಳನ್ನು ಕುರಿತ ಕಿರುಹೊತ್ತಗೆ. ಮಗುವು ದಿನವೂ ಕಾಣುವ ಹಣ್ಣು, ಅದು ಬಲ್ಲ ಹೆಸರು, ಅದರ ಚಿತ್ರ. ಪ್ರಕಾಶನವೆಂದರೆ ಮಹಾಕಾವ್ಯದಿಂದಲೇ ಆರಂಭವಾಗಬೇಕೆಂಬ ನಿಯಮವೇನಿಲ್ಲವೆಂಬುದಕ್ಕೆ ಇದು ನಿದರ್ಶನ. ೨೦೧೯ರಲ್ಲಿ ಅವರು ಪ್ರಕಟಿಸಿದ 'ಕೂಯಿ ಮಿಟಿಗರ್' ಎಂಬ ಚಿತ್ರಪುಸ್ತಕವನ್ನು ಬರೆದವರೂ ಚಿತ್ರಿಸಿದವರೂ ಇಂದಿನ ಸಿಡ್ನಿ ನಗರದ ಪ್ರದೇಶಕ್ಕೆ ಮೂಲದಲ್ಲಿ ಒಡೆಯರಾದ ದಾರುಗ್ ಜನಾಂಗದ ಮಹಿಳೆಯರು. ಶೀರ್ಷಿಕೆಯ ಅರ್ಥ 'ಬಾ ಗೆಳೆಯ' ಎಂದು. ದಾರುಗ್ ನುಡಿಯ ಪದಗಳನ್ನು ಆಂಗ್ಲದ ನಡುವೆ ನಿಸ್ಸಂಕೋಚವಾಗಿ ಕೂರಿಸಿ, ಮಹಾನಗರದ ಕೆಳಗೆ ಮರೆಯಾದ ನಾಡಿಗೆ ಅದು ಮಕ್ಕಳನ್ನು ಕರೆದೊಯ್ಯುತ್ತದೆ. ಆ ಪುಸ್ತಕಕ್ಕೆ ೨೦೨೦ರಲ್ಲಿ ಆ ದೇಶದ ಪ್ರಧಾನಮಂತ್ರಿಗಳ ಹೆಸರಿನ ಸಾಹಿತ್ಯ ಪುರಸ್ಕಾರ ಮಕ್ಕಳ ವಿಭಾಗದಲ್ಲಿ ಸಂದಿತು. ರಾಜಧಾನಿಗಳಿಂದ ಸಾವಿರಾರು ಮೈಲಿ ದೂರದ ಸಣ್ಣ ಪಟ್ಟಣದಿಂದ ಹೊರಟ ಬೀಜ ರಾಜಧಾನಿಯ ಅಂಗಳದಲ್ಲಿ ಮೊಳೆಯಿತು.

ಆದರೆ ಓದುವಾಗ ನನ್ನ ಕೈ ತಡೆದದ್ದು ೨೦೧೧ರ ಇನ್ನೊಂದು ಪುಸ್ತಕದಲ್ಲಿ. ಅದರ ಹೆಸರು 'ಕದ್ದೊಯ್ದ ಹುಡುಗಿ' ಎಂಬರ್ಥದ್ದು. ತಾಯಿಯ ಮಡಿಲಿನಿಂದ ಕಿತ್ತು ದೂರದ ಆಶ್ರಮಕ್ಕೆ ಸೇರಿಸಲ್ಪಟ್ಟ ಬಾಲೆಯೊಬ್ಬಳ ಕಥೆ ಅದು. ಇಪ್ಪತ್ತನೆಯ ಶತಮಾನದ ಹಲವು ದಶಕಗಳ ಕಾಲ ಆ ದೇಶದ ಸರಕಾರಗಳು ಮೂಲನಿವಾಸಿಗಳ ಮಕ್ಕಳನ್ನು ಹೀಗೆ ಅಗಲಿಸಿ, ಅವರಿಗೆ ಆಂಗ್ಲವನ್ನೂ ಹೊಸ ಹೆಸರನ್ನೂ ಕೊಟ್ಟು 'ಉದ್ಧಾರ' ಮಾಡಹೊರಟವು. ೧೯೯೭ರ ವಿಚಾರಣಾ ವರದಿ ಈ ಅನ್ಯಾಯವನ್ನು ದಾಖಲಿಸಿತು. ೨೦೦೮ರ ಫೆಬ್ರವರಿ ೧೩ರಂದು ಪ್ರಧಾನಿ ಕೆವಿನ್ ರಡ್ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ೧೭೮೮ರಲ್ಲಿ ಬ್ರಿಟಿಷರು ಅಲ್ಲಿ ನೆಲೆಯೂರಿದಾಗ ೨೫೦ಕ್ಕೂ ಹೆಚ್ಚು ನುಡಿಗಳಿದ್ದುವಂತೆ. ಇಂದು ಮನೆಯಲ್ಲಿ ಮಕ್ಕಳು ಆಡುವ ನುಡಿಗಳು ಬೆರಳೆಣಿಕೆಯವು.

ಅದನ್ನೂ ನಮ್ಮ ಪ್ರಸಾದನಿಲಯಗಳನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ಅಪಚಾರ. ಅಲ್ಲಿ ಶಿಶುಗಳನ್ನು ಬಲಾತ್ಕಾರದಿಂದ ಕಸಿದರು. ಇಲ್ಲಿ ತಂದೆತಾಯಂದಿರು ತಾವಾಗಿಯೇ ಮಕ್ಕಳ ಕೈಹಿಡಿದು ತಂದು ಪೂಜ್ಯರ ಪಾದಗಳಲ್ಲಿ ಒಪ್ಪಿಸುತ್ತಾರೆ. ಅನ್ನ, ಅರಿವೆ, ಅಕ್ಷರಗಳನ್ನು ಜಾತಿಮತ ನೋಡದೆ ನೀಡಿದ ಮಠಗಳ ದಾಸೋಹ ಇಲ್ಲದಿದ್ದರೆ ನನ್ನಂಥ ಬಡವರ ಮನೆಯ ಹುಡುಗರು ಪಂಡಿತರಾಗುತ್ತಿರಲಿಲ್ಲ. ಆದರೂ ಪುಸ್ತಕವನ್ನು ಮುಚ್ಚಿಟ್ಟಾಗ ನನ್ನೊಳಗೆ ಒಂದು ಪ್ರಶ್ನೆ ಉಳಿಯಿತು. ಮಗುವನ್ನು ಕಸಿಯದೆಯೇ ಮಗುವಿನ ಮಾತನ್ನು ಕಸಿಯುವುದು ಸಾಧ್ಯವಿಲ್ಲವೆ? ಸಾಧ್ಯವಿದೆಯೆಂದು ನಾನು ಬಲ್ಲೆ. ಏಕೆಂದರೆ ಅದನ್ನು ಮಾಡಿದವನು ನಾನೇ.

ನಾನು ಸೇವೆಗೆ ಸೇರಿದ ಎರಡನೆಯ ವರ್ಷ. ಶಾಲೆಯ ಕೈಬರಹದ ಪತ್ರಿಕೆಯ ಹೊಣೆ ನನ್ನದಾಗಿತ್ತು. ಕಾಡಂಚಿನ ಹಾಡಿಯೊಂದರಿಂದ ಬಂದು ನಿಲಯದಲ್ಲಿ ಓದುತ್ತಿದ್ದ ಆರನೆಯ ತರಗತಿಯ ಬಾಲಕನೊಬ್ಬ ಎರಡು ಹಾಳೆಯಷ್ಟು ಕಥೆಯನ್ನು ಬರೆದು ತಂದ. ಹೆಜ್ಜೇನು ಏಕೆ ಎತ್ತರದ ಬಂಡೆಯಲ್ಲಿ ಗೂಡು ಕಟ್ಟುತ್ತದೆ ಎಂಬ ಕಥೆ. ಅವನ ಅಜ್ಜಿ ಹೇಳಿದ್ದು. ಅವನ ಮನೆಮಾತಿನ ಪದಗಳು ಅಲ್ಲಲ್ಲಿ ಹಾಗೆಯೇ ಇದ್ದುವು. ನಾನು ಕೆಂಪು ಶಾಯಿಯ ಲೇಖನಿಯನ್ನು ಹಿಡಿದೆ. ವಿಭಕ್ತಿಗಳನ್ನು ಸರಿಪಡಿಸಿದೆ, ಅನ್ಯಪದಗಳೆಂದು ತೋರಿದುವನ್ನು ಹೊಡೆದುಹಾಕಿದೆ, ಆರಂಭದಲ್ಲಿದ್ದ ಅಜ್ಜಿಯನ್ನು ಅನಾವಶ್ಯಕವೆಂದು ತೆಗೆದೆ, ಕಥೆಯ ಕೊನೆಗೆ ನೀತಿಯೊಂದನ್ನು ಸೇರಿಸಿದೆ. ಜೇನು ಮಾಡುವ ಸದ್ದಿಗೆ ಆ ಅಜ್ಜಿ ಬಳಸುತ್ತಿದ್ದ ಮಾತೊಂದಿತ್ತು. ಅದನ್ನು ಅಳಿಸಿ 'ಝೇಂಕಾರ' ಎಂದು ಬರೆದೆ. ಪತ್ರಿಕೆ ಸಿದ್ಧವಾಯಿತು, ಭಾಷೆ ಪರಿಶುದ್ಧವಾಗಿದೆಯೆಂದು ಎಲ್ಲರೂ ಮೆಚ್ಚಿದರು. ಹುಡುಗ ಓದಿ ನೋಡಿ, "ಇದು ನಮ್ಮಜ್ಜಿ ಕಥೆ ಅಲ್ಲ ಗುರುಗಳೇ" ಎಂದ. ಅವನ ಧ್ವನಿಯಲ್ಲಿ ದೂರು ಇರಲಿಲ್ಲ. ತಪ್ಪಾಗಿ ಬಂದ ಪುಸ್ತಕವನ್ನು ಹಿಂದಿರುಗಿಸುವವನಂತೆ ಹೇಳಿದ. ಆಮೇಲೆ ನಾಲ್ಕು ವರ್ಷ ಅವನು ನಮ್ಮಲ್ಲೇ ಓದಿದ. ಇನ್ನೊಂದು ಕಥೆಯನ್ನು ಬರೆದುಕೊಡಲಿಲ್ಲ. ಆ ಮೊದಲ ಹಾಳೆಗಳನ್ನು ನಾನು ಇಟ್ಟುಕೊಳ್ಳಲಿಲ್ಲ. ಜೇನಿನ ಸದ್ದಿಗೆ ಅಜ್ಜಿ ಹೇಳುತ್ತಿದ್ದ ಮಾತು ಯಾವುದೆಂದು ಎಷ್ಟು ನೆನಪಿಸಿಕೊಂಡರೂ ಬರುವುದಿಲ್ಲ. ನೆನಪಿರುವುದು ನನ್ನ ಝೇಂಕಾರ ಒಂದೇ.

ಇದಕ್ಕೆ ಸಮಾಧಾನ ಹೇಳುವ ಮಿತ್ರರಿದ್ದಾರೆ. ಶುದ್ಧ ಭಾಷೆಯನ್ನು ಕಲಿಸುವುದು ಪಂಡಿತನ ಧರ್ಮವಲ್ಲವೇ ಎಂದು ಅವರು ಕೇಳುತ್ತಾರೆ. ಧರ್ಮವೇ ಹೌದು; ಅದನ್ನು ನಾನು ಇಂದಿಗೂ ಬಿಟ್ಟಿಲ್ಲ. ಪರೀಕ್ಷೆಯ ಪ್ರಬಂಧದಲ್ಲಿ ತಪ್ಪು ಬರೆದರೆ ತಿದ್ದಲೇಬೇಕು. ಆದರೆ ಪ್ರಬಂಧ ಬೇರೆ, ಒಪ್ಪಿಸಿದ ಕಥೆ ಬೇರೆ. ಮೊದಲನೆಯದು ಶಿಷ್ಯನ ಅಭ್ಯಾಸ. ಎರಡನೆಯದು ಒಂದು ಮನೆಯವರು ನಮ್ಮ ಕೈಗಿತ್ತ ನ್ಯಾಸ. ನ್ಯಾಸವಾಗಿ ಬಂದ ಒಡವೆಯನ್ನು ಅಂದಗೊಳಿಸುವೆನೆಂದು ಕರಗಿಸಿ ಬೇರೆ ಮಾಡಿಸಿಕೊಟ್ಟರೆ ಒಡೆಯರು ಒಪ್ಪುವರೆ? ನಮ್ಮ ಪರಂಪರೆಯೂ ಈ ವಿವೇಕಕ್ಕೆ ವಿರುದ್ಧವಲ್ಲ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗವೇ ಕನ್ನಡ ದೇಸಿಗಳು ಹಲವೆಂದು ಒಪ್ಪಿಕೊಂಡಿದೆ. ಓದುಬರಹವಿಲ್ಲದವರ ಕಾವ್ಯಪ್ರತಿಭೆಯನ್ನು ಕೊಂಡಾಡಿದೆ.

ಜನಪದದ ಕಥೆ ಎಲ್ಲರ ಸೊತ್ತು, ಅದಕ್ಕೆ ಒಬ್ಬರ ಹೆಸರೇಕೆ ಎಂಬುದು ಇನ್ನೊಂದು ಆಕ್ಷೇಪ. ಕಥೆ ಎಲ್ಲರದಾಗಿರಬಹುದು, ಹೇಳುವ ಬಾಯಿ ಒಂದೊಂದೇ. ಬಸವಾದಿ ಶರಣರ ಅನುಭಾವ ಸರ್ವರಿಗೂ ಸೇರಿದ್ದೆಂದು ಹೇಳಿ ನಾವು ಅಂಕಿತಗಳನ್ನು ತೆಗೆದುಹಾಕಲಿಲ್ಲವಷ್ಟೆ. ಹೆಸರನ್ನು ಉಳಿಸುವುದರಿಂದ ಕಥೆಯ ಸಂಚಾರಕ್ಕೆ ತಡೆಯಿಲ್ಲ. ಮೂಲ ತಿಳಿದ ಹೊಳೆಯೂ ಹರಿಯುತ್ತದೆ.

ತಮ್ಮ ಮಾತನ್ನು ತಾವೇ ಅಚ್ಚು ಹಾಕಿಸಬೇಕೆಂಬ ಹಂಬಲ ನಮಗೂ ಹೊಸತಲ್ಲ. ಫ. ಗು. ಹಳಕಟ್ಟಿಯವರನ್ನು ನೆನೆಯೋಣ. ವಕೀಲಿ ವೃತ್ತಿಯಲ್ಲಿದ್ದ ಅವರು ಮನೆಮನೆಗಳ ತಾಳೆಗರಿಗಳನ್ನು ಅರಸಿ, ೧೯೨೩ರಲ್ಲಿ ವಚನಶಾಸ್ತ್ರಸಾರವನ್ನು ಹೊರತಂದರು. ಮುಂದೆ ಪರರ ಮುದ್ರಣಾಲಯಗಳನ್ನು ಕಾದುಕೊಂಡಿರಲಾರದೆ ೧೯೨೫ರಲ್ಲಿ ಬಿಜಾಪುರದಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂಬುದನ್ನು ನಮ್ಮ ಸಮಾಜ ಕೃತಜ್ಞತೆಯಿಂದ ಸ್ಮರಿಸುತ್ತದೆ. ಮರುವರ್ಷ ಶಿವಾನುಭವ ಪತ್ರಿಕೆ ಹೊರಟಿತು. ಒಂದು ಸಣ್ಣ ಅಚ್ಚಿನ ಮನೆ ನಮಗೆ ಏನನ್ನು ಉಳಿಸಿಕೊಟ್ಟಿತೆಂಬುದನ್ನು ಬಲ್ಲ ನಾವು, ಇನ್ನೂ ಅಚ್ಚಿನ ಮನೆ ಕಾಣದವರ ವಿಷಯದಲ್ಲಿ ಸುಮ್ಮನಿರುವುದು ಉಚಿತವಲ್ಲ. ಬ್ರೂಮ್ ಪಟ್ಟಣದವರು ೧೯೮೭ರಲ್ಲಿ ಮಾಡಿದ್ದು ಹಳಕಟ್ಟಿಯವರು ೧೯೨೫ರಲ್ಲಿ ಮಾಡಿದ ಜಾತಿಯದೇ ಕೆಲಸ. ಸೋಲಿಗರ, ಜೇನುಕುರುಬರ, ಕೊರಗರ, ಲಂಬಾಣಿಗರ ಮನೆಗಳ ಮಕ್ಕಳು ಇಂದು ಕರ್ನಾಟಕದ ಎಷ್ಟೋ ನಿಲಯಗಳಲ್ಲಿ ಕುಳಿತು ನಮ್ಮ ಪಾಠ ಕೇಳುತ್ತಿದ್ದಾರೆ. ಅವರ ಅಜ್ಜಿಯರ ಕಥೆ ಅವರ ಕೈಗೆ ಪುಸ್ತಕವಾಗಿ ಬಂದುದನ್ನು ನಾನು ನಮ್ಮ ಗ್ರಂಥಾಲಯದಲ್ಲಿ ಕಂಡಿಲ್ಲ.

ಆದ್ದರಿಂದ ಒಂದು ಸಣ್ಣ ಸೂಚನೆಯನ್ನು ನಿವೇದಿಸುತ್ತೇನೆ. ನಮ್ಮ ಸಂಸ್ಥೆಯು ವರ್ಷಕ್ಕೊಂದು ಚಿತ್ರಪುಸ್ತಕವನ್ನು ಹೊರತರಲಿ. ಹದಿನಾರು ಪುಟ ಸಾಕು. ಮುದ್ರಕರ ಲೆಕ್ಕದಲ್ಲಿ ಒಂದು ಫಾರಂ. ಐನೂರು ಪ್ರತಿ ಸಾಕು. ನಿಲಯದ ಒಂದು ಮಗುವಿನ ಮನೆಯ ಒಂದು ಕಥೆ; ಒಂದು ಪುಟದಲ್ಲಿ ಮನೆಮಾತಿನಲ್ಲಿ, ಎದುರು ಪುಟದಲ್ಲಿ ನಾವು ಕಲಿಸುವ ಕನ್ನಡದಲ್ಲಿ. ಚಿತ್ರಗಳು ಮಕ್ಕಳವೇ ಆಗಿರಲಿ. ಅಚ್ಚಿಗೆ ಮೊದಲು ಅಧ್ಯಾಪಕರೊಬ್ಬರು ಆ ಮನೆಗೆ ಹೋಗಿ ಹೇಳಿದವರ ಎದುರಿಗೆ ಪೂರ್ತಿ ಓದಿ ತೋರಿಸಬೇಕು. ಇದು ಹೊರಗೆ ಹೋಗಬಾರದ ಕಥೆಯೆಂದು ಅವರು ಹೇಳಿದರೆ ಕೈಮುಗಿದು ಹಿಂದಿರುಗಬೇಕು. ಹೇಳಿದವರ ಹೆಸರು ಮುಖಪುಟದ ಮೇಲಿರಬೇಕು. ಪಂಡಿತನ ಹೆಸರು ಬೇಕಾದರೆ ಒಳಗೆ ಸಣ್ಣಕ್ಷರದಲ್ಲಿರಲಿ. ಹಕ್ಕು ಅವರದಾಗಿರಬೇಕು, ಮಾರಿ ಬಂದ ಹಣದ ಪಾಲೂ ಅವರಿಗೆ ಸಲ್ಲಬೇಕು. ಮೊದಲ ಪ್ರತಿ ಆ ಮನೆಗೆ ಹೋಗಬೇಕು. ಈ ಕೆಲಸಕ್ಕೆ ಕಟ್ಟಡ ಬೇಕಿಲ್ಲ, ಶಿಲಾನ್ಯಾಸ ಬೇಕಿಲ್ಲ; ಬೇಕಾದುದು ಕೆಂಪು ಶಾಯಿಯನ್ನು ಸ್ವಲ್ಪ ಹೊತ್ತು ಕೆಳಗಿಡುವ ಸಂಯಮ. ಅದನ್ನು ಮೊದಲು ಕಲಿಯಬೇಕಾದವನು ನಾನೆಂಬುದನ್ನು ಒಪ್ಪಿಕೊಂಡೇ ಈ ಮಾತನ್ನು ಆಡುತ್ತಿದ್ದೇನೆ.

ದಾನಿಗಳಲ್ಲಿ ಒಂದು ವಿಜ್ಞಾಪನೆ. ಸಂಪ್ರದಾಯದಂತೆ ಈ ಸಂಚಿಕೆಯ ಕೊನೆಯ ಪುಟಗಳಲ್ಲಿ ತಮ್ಮೆಲ್ಲರ ನಾಮಾವಳಿ ಮುದ್ರಿತವಾಗುತ್ತದೆ. ಸಂಸ್ಥೆ ತಮಗೆ ಋಣಿಯಾಗಿದೆ. ಮುಂದಿನ ಸಂಚಿಕೆಯಲ್ಲಿ ಆ ಪಟ್ಟಿಗೆ ಕೊಠಡಿ ಕೊಟ್ಟವರ, ಅಕ್ಕಿ ಕೊಟ್ಟವರ ಹೆಸರುಗಳ ಸಾಲಿನಲ್ಲಿಯೇ ಇನ್ನೊಂದು ಹೆಸರನ್ನು ಸೇರಿಸಲು ತಾವು ಅನುಮತಿ ನೀಡಬೇಕು. ಹಾಡಿಯಲ್ಲಿಯೋ ತಾಂಡೆಯಲ್ಲಿಯೋ ಒಲೆಯ ಮುಂದೆ ಕುಳಿತು ಮೊಮ್ಮಗನಿಗೆ ಕಥೆ ಹೇಳಿ, ಅದನ್ನು ನಮ್ಮ ಶಾಲೆಗೆ ಕಳುಹಿಸಿಕೊಟ್ಟ ಅಜ್ಜಿಯೂ ದಾನಿಯೇ. ಮೂವತ್ತು ವರ್ಷಗಳ ಹಿಂದೆ ಅಂಥ ಒಂದು ದಾನ ನಮ್ಮ ಸಂಸ್ಥೆಗೆ ಬಂದಿತ್ತು. ಅದಕ್ಕೆ ರಸೀದಿ ಕೊಡದವನು ನಾನು.